ಸ್ಪಷ್ಟನೆ: ಸೇನೆಯ ಹೆಲ್ಮೆಟ್ ಬೈಕಿಗಲ್ಲ

'ಸೇನೆಯ ಹೊಸ ಹೆಲ್ಮೆಟ್‌ಗಳೆಲ್ಲ ಎಕೆ-47 ಗುಂಡು ತಡೆಯುತ್ತವೆ, ಬೈಕಿಗೂ ಅವೇ ಒಳ್ಳೆಯವು' ಎಂಬ ಸಂದೇಶ ಬೆಂಗಳೂರಿನ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಎರಡೂ ಮಾತು ತಪ್ಪು.

ಕಾನ್ಪುರದ ಎಂಕೆಯು ಕಂಪನಿಗೆ ಸೇನೆ ಕೊಟ್ಟ 1.58 ಲಕ್ಷ ಹೆಲ್ಮೆಟ್‌ಗಳ ಗುತ್ತಿಗೆಯಲ್ಲಿ ಕೇಳಿದ್ದು 9 ಮಿ.ಮೀ. ಪಿಸ್ತೂಲು ಗುಂಡಿನಿಂದ ರಕ್ಷಣೆ. ಎಕೆ-47ರಂಥ ರೈಫಲ್ ಗುಂಡು ತಡೆಯುವ ಮಾದರಿಗಳೂ ಬಂದಿವೆ, ಆದರೆ ಅವು ಬೇರೆ.

ಇನ್ನು ಬೈಕಿನ ವಿಷಯ. ಆನ್‌ಲೈನ್‌ನಲ್ಲಿ ಸಿಗುವ, ಸೇನೆಯದರಂತೆ ಕಾಣುವ 'ಕಮಾಂಡೊ' ಹೆಲ್ಮೆಟ್ ಹಲವು ಬಾರಿ ಬರೀ ಪ್ಲಾಸ್ಟಿಕ್ ಚಿಪ್ಪು. ಸೇನೆಯ ಹೆಲ್ಮೆಟ್ಟಿನ ಪಕ್ಕದ ಪಟ್ಟಿ ಇರುವುದು ಟಾರ್ಚ್, ಹೆಡ್‌ಸೆಟ್ ಸಿಕ್ಕಿಸಲು; ಹಣೆಯ ಮೇಲಿನ ಕೊಂಡಿ ರಾತ್ರಿ ನೋಡುವ ದುರ್ಬೀನಿಗೆ. ರಸ್ತೆಗೆ ಬಿದ್ದಾಗ ಪೆಟ್ಟು ಹೀರುವುದು ಬೈಕ್ ಹೆಲ್ಮೆಟ್ಟಿನೊಳಗಿನ ದಪ್ಪ ಥರ್ಮೋಕೋಲ್ ಪದರ. ದಯವಿಟ್ಟು ಐಎಸ್‌ಐ ಗುರುತು, ಬೈಕ್ ಹೆಲ್ಮೆಟ್ ಮಾನದಂಡದ ಐಎಸ್ 4151 ಸಂಖ್ಯೆ ನೋಡಿಯೇ ಕೊಳ್ಳಿ.