ಅಡವಿಟ್ಟ ಸೀಮೆಯಿಂದ ವಿಯೆನ್ನಾಕ್ಕೆ

ನಾನು ದಿನವೂ ಕೆಲಸಕ್ಕೆ ಹೋಗುವ ಡಿ ಟ್ರಾಮು ವಿಯೆನ್ನಾದ ಶ್ವಾರ್ಟ್ಸೆನ್‌ಬರ್ಗ್ ಚೌಕವನ್ನು ದಾಟುವಾಗ, ಕಾರಂಜಿಯ ಹಿಂದೆ ಎತ್ತರದ ಕಂಬದ ಮೇಲೆ ಚಿನ್ನದ ಬಣ್ಣದ ಗುರಾಣಿ ಹಿಡಿದ ಸೋವಿಯತ್ ಸೈನಿಕನ ಪ್ರತಿಮೆ ಕಾಣಿಸುತ್ತದೆ. 1945ರಲ್ಲಿ ನಿಲ್ಲಿಸಿದ ಆ ಸ್ಮಾರಕವನ್ನು ಆಸ್ಟ್ರಿಯಾ ಇಂದಿಗೂ ಕಾಪಾಡಿಕೊಂಡು ಬಂದಿದೆ, ಏಕೆಂದರೆ 1955ರ ಒಪ್ಪಂದದಲ್ಲಿ ಹಾಗೆಂದು ಬರೆದುಕೊಟ್ಟಿದೆ. ಅದರ ಹಿಂದಿನ ಗೋಡೆಗೆ 2022ರಲ್ಲಿ ಉಕ್ರೇನಿನ ನೀಲಿ, ಹಳದಿ ಬಣ್ಣ ಬಳಿದರು. ಕೊಟ್ಟ ಮಾತನ್ನೂ ಉಳಿಸಿಕೊಂಡು ಮನಸ್ಸಿನ ಮಾತನ್ನೂ ಆಡುವ ಈ ರೀತಿಯನ್ನು ನೋಡಿದಾಗಲೆಲ್ಲ, ತನ್ನ ಬಗೆಗಿನ ಕರಾರಿನಲ್ಲಿ ಮಾತಾಡಲು ಅವಕಾಶವೇ ಇರದಿದ್ದ ನನ್ನ ಕೋಲಾರ ನನಗೆ ನೆನಪಾಗುತ್ತದೆ.

ಹೈದರಾಲಿ ಹುಟ್ಟಿದ್ದು ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ, ಅವನ ತಂದೆಯ ಗೋರಿ ಇರುವುದು ಕೋಲಾರ ಪಟ್ಟಣದ ಮಕ್ಬರಾದಲ್ಲಿ. ಆದರೂ 1767ರಲ್ಲಿ ಪೇಶ್ವೆ ಮಾಧವರಾಯನ ದಂಡು ಶಿರಾ ಸೀಮೆಯನ್ನು ಹಿಡಿದುಕೊಂಡು ಮುಂದೆ ಬಂದಾಗ, ಹೈದರ್ 35 ಲಕ್ಷ ರೂಪಾಯಿಗೆ ರಾಜಿಯಾಗಿ, ಅರ್ಧ ಹಣವನ್ನು ಆಗಲೇ ಕೊಟ್ಟು, ಉಳಿದರ್ಧಕ್ಕೆ ಕೋಲಾರವನ್ನೇ ಮರಾಠರ ಬಳಿ ಅಡವಾಗಿ ಬಿಟ್ಟ. ಮರುವರ್ಷ ಇಂಗ್ಲಿಷರು ಬಂದರು, ಆಮೇಲೆ ಮತ್ತೆ ಮರಾಠರು, 1791ರಲ್ಲಿ ಕಾರ್ನ್‌ವಾಲಿಸ್. ನಮ್ಮ ಮನೆಯಲ್ಲಿ ಬೋರ್‌ವೆಲ್ ಕೊರೆಸಲೆಂದು ಅಮ್ಮನ ಬಳೆಗಳನ್ನು ಗಿರವಿ ಅಂಗಡಿಗೆ ಒಯ್ದ ದಿನ ನಾನೂ ಅಪ್ಪನ ಜೊತೆಗಿದ್ದೆ. ಅಂಗಡಿಯವರು ಬಳೆಗಳನ್ನು ತಕ್ಕಡಿಗೆ ಹಾಕಿ, ತೂಕ ಬರೆದುಕೊಂಡು, ಪುಟ್ಟ ಬಟ್ಟೆಯ ಚೀಲಕ್ಕೆ ಸೇರಿಸಿ, ಬಾಯಿ ಕಟ್ಟಿ ಚೀಟಿ ಹಚ್ಚಿದರು. ಶ್ರೀರಂಗಪಟ್ಟಣ ಮತ್ತು ಪುಣೆಗಳ ನಡುವಿನ ಕರಾರಿನಲ್ಲಿ ಕೋಲಾರದ ಸ್ಥಾನ ಆ ಬಳೆಗಳದ್ದಕ್ಕಿಂತ ಹೆಚ್ಚಿನದಾಗಿರಲಿಲ್ಲ. ಊರಿನ ಗೌಡನನ್ನೋ ಶಾನುಭೋಗನನ್ನೋ ಕೇಳುವ ಪದ್ಧತಿ ಆ ಕಾಲದ ದೊರೆಗಳಲ್ಲಿ ಇರಲೇ ಇಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ ವಿಯೆನ್ನಾವೂ ಹತ್ತು ವರ್ಷ ಇಂಥ ಚೀಲದಲ್ಲೇ ಇತ್ತು. ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್, ಫ್ರಾನ್ಸ್ ದೇಶವನ್ನು ನಾಲ್ಕು ವಲಯಗಳಾಗಿ ಹಂಚಿಕೊಂಡಿದ್ದವು. ನಗರದ ನಡುಭಾಗದ ಆಡಳಿತ ತಿಂಗಳಿಗೊಮ್ಮೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಿತ್ತು. ವ್ಯತ್ಯಾಸವೆಂದರೆ ಇಲ್ಲಿಯವರಿಗೆ ಚುನಾಯಿತ ಸರ್ಕಾರವೊಂದಿತ್ತು, ಅದು ತನ್ನ ಮಾತನ್ನು ತಾನೇ ಆಡಲು ಹಟ ಹಿಡಿಯಿತು. 1953ರಲ್ಲಿ ಸ್ಟಾಲಿನ್ ತೀರಿಕೊಂಡ ಕೆಲವೇ ತಿಂಗಳಲ್ಲಿ ವಿದೇಶಾಂಗ ಸಚಿವ ಕಾರ್ಲ್ ಗ್ರೂಬರ್ ಸ್ವಿಟ್ಜರ್ಲೆಂಡಿನಲ್ಲಿ ನೆಹರೂ ಅವರನ್ನು ಕಂಡು, ಮಾಸ್ಕೋದಲ್ಲಿ ನಮ್ಮ ಪರವಾಗಿ ಒಂದು ಮಾತು ಆಡಿಸಿಕೊಡಿ ಎಂದು ಕೇಳಿಕೊಂಡರು. ಭಾರತದ ರಾಯಭಾರಿ ಕೆ.ಪಿ.ಎಸ್. ಮೆನನ್ ಸೋವಿಯತ್ ವಿದೇಶಾಂಗ ಸಚಿವ ಮೊಲೊಟೊವ್ ಅವರೊಡನೆ, ಆಸ್ಟ್ರಿಯಾ ಯಾವ ಸೇನಾಕೂಟಕ್ಕೂ ಸೇರದೆ ಉಳಿಯುವ ತಟಸ್ಥ ನೀತಿಯ ವಿಷಯವನ್ನು ಪ್ರಸ್ತಾಪಿಸಿದರು. ಒಳ್ಳೆಯದೇ, ಆದರೆ ಅಷ್ಟು ಸಾಲದು ಎಂಬರ್ಥದ ಉತ್ತರ ಬಂತು. ಆದರೂ ಬಾಗಿಲು ತಟ್ಟಿದ್ದು ವ್ಯರ್ಥವಾಗಲಿಲ್ಲವೆಂದು ನಾನು ನಂಬುತ್ತೇನೆ, ಮತ್ತು ಭಾರತೀಯನಾಗಿ ಈ ಸಂಗತಿಯ ಬಗ್ಗೆ ನನಗೆ ಹೆಮ್ಮೆಯಿದೆ. 1955ರ ಏಪ್ರಿಲಿನಲ್ಲಿ ಚಾನ್ಸಲರ್ ಯೂಲಿಯುಸ್ ರಾಬ್ ತಮ್ಮ ಸಂಗಡಿಗರೊಡನೆ ತಾವೇ ಮಾಸ್ಕೋಗೆ ಹೋಗಿ ಕುಳಿತರು. ಮೇ 15ರಂದು ವಿಯೆನ್ನಾದ ಬೆಲ್ವೆಡೇರ್ ಅರಮನೆಯಲ್ಲಿ ಬಿಡುಗಡೆಯ ಒಪ್ಪಂದಕ್ಕೆ ಸಹಿ ಬಿತ್ತು.

ಬಿಡುಗಡೆ ಪುಕ್ಕಟೆಯಾಗಿ ಸಿಗಲಿಲ್ಲ. ಸೋವಿಯತ್ ಒಕ್ಕೂಟಕ್ಕೆ 15 ಕೋಟಿ ಡಾಲರ್ ಬೆಲೆಯ ಸರಕನ್ನೂ ಒಂದು ಕೋಟಿ ಟನ್ ಕಚ್ಚಾ ತೈಲವನ್ನೂ ಕಂತುಗಳಲ್ಲಿ ಕೊಡಬೇಕಾಯಿತು. ಆದರೆ ಎಷ್ಟು ಕೊಡುವುದೆಂದು ಚೌಕಾಸಿ ಮಾಡಿದವರು ಆ ನೆಲದವರೇ. ವಿದೇಶಿ ಸೈನ್ಯ ಹೊರಡಬೇಕಾದ ಗಡುವು ಮುಗಿದ ಮರುದಿನ, ಅಕ್ಟೋಬರ್ 26ರಂದು, ತಟಸ್ಥ ನೀತಿಯ ಕಾನೂನನ್ನು ಅವರದೇ ಸಂಸತ್ತು ಅಂಗೀಕರಿಸಿತು. ಇಲ್ಲಿ ಅದೇ ರಾಷ್ಟ್ರೀಯ ದಿನ. ‘ಕೋಣಗಳೆರಡೂ ಹೋರಾಡಿದರೆ ಗಿಡಕ್ಕೆ ಮಿತ್ತು’ ಎಂಬ ನಮ್ಮ ಗಾದೆಯಲ್ಲಿ ಗಿಡಕ್ಕೆ ನಾಲಿಗೆಯಿಲ್ಲ, ಕಾಲೂ ಇಲ್ಲ. ಆಸ್ಟ್ರಿಯಾಕ್ಕೆ ಎರಡೂ ಇದ್ದವು.

ಹಾಗಾದರೆ ಉಕ್ರೇನ್ ಕೂಡ ತನ್ನ ಮಾತಾಡಲು ಮೇಜಿನ ಮುಂದೆ ಕುಳಿತಿತ್ತಲ್ಲ, ಅದರಿಂದೇನಾಯಿತು ಎಂದು ಯಾರಾದರೂ ಕೇಳಿದರೆ, ಆ ಪ್ರಶ್ನೆ ನ್ಯಾಯವಾದದ್ದೇ. 1994ರ ಡಿಸೆಂಬರಿನಲ್ಲಿ ಬುಡಾಪೆಸ್ಟಿನಲ್ಲಿ ಅದು ತನ್ನ ನೆಲದಲ್ಲಿದ್ದ ಅಣ್ವಸ್ತ್ರಗಳನ್ನು ಬಿಟ್ಟುಕೊಡುವುದಕ್ಕೆ ಪ್ರತಿಯಾಗಿ ರಷ್ಯಾ, ಅಮೆರಿಕ, ಬ್ರಿಟನ್‌ಗಳಿಂದ ಗಡಿಗಳನ್ನು ಗೌರವಿಸುವ ಭರವಸೆ ಪಡೆಯಿತು; 20 ವರ್ಷ ತುಂಬುವ ಮೊದಲೇ ಕ್ರೈಮಿಯಾ ರಷ್ಯಾದ ಕೈಸೇರಿತು. ಕುರ್ಚಿಯೊಂದೇ ಸಾಲದು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಮಾತು ಮುರಿದವರ ತಪ್ಪಿಗೆ ಕುರ್ಚಿಯನ್ನೇ ಕಿತ್ತುಕೊಳ್ಳುವುದು ಯಾವ ನ್ಯಾಯ? 2025ರ ಆಗಸ್ಟ್ 15ರಂದು, ನಾವು ಇಲ್ಲಿ ಸ್ವಾತಂತ್ರ್ಯೋತ್ಸವ ಮುಗಿಸಿ ಮನೆಗೆ ಬಂದ ರಾತ್ರಿ, ಅಲಾಸ್ಕದಲ್ಲಿ ಟ್ರಂಪ್ ಮತ್ತು ಪುಟಿನ್ ಉಕ್ರೇನಿನ ವಿಷಯ ಮಾತಾಡಲು ಕುಳಿತಾಗ ಉಕ್ರೇನ್ ಅಲ್ಲಿರಲಿಲ್ಲ. ಆ ಚಿತ್ರ ನೋಡುವಾಗ ಬಟ್ಟೆಯ ಚೀಲಕ್ಕೆ ಹಚ್ಚಿದ ಚೀಟಿಯೇ ನನ್ನ ಕಣ್ಣ ಮುಂದೆ ಬಂತು.

ನಮ್ಮವರು ಈ ವಿಷಯವನ್ನು ದೂರದ ಯುರೋಪಿನದೆಂದು ಬಿಟ್ಟುಬಿಡಬಾರದು. 2017ರಲ್ಲಿ ಡೋಕ್ಲಾಮಿನಲ್ಲಿ ಭಾರತ ಮತ್ತು ಚೀನಾದ ಸೈನಿಕರು 73 ದಿನ ಎದುರುಬದುರು ನಿಂತ ಜಾಗ ನಮ್ಮದಾಗಿರಲಿಲ್ಲ. ವಿವಾದವಿದ್ದದ್ದು ಭೂತಾನ್ ಮತ್ತು ಚೀನಾದ ನಡುವೆ. ಜೂನ್ 29ರಂದು ಭೂತಾನ್ ತನ್ನದೇ ಹೇಳಿಕೆ ಕೊಟ್ಟಿತ್ತು. ಆ ಬೇಸಿಗೆ ರಜೆಗೆಂದು ಕೋಲಾರಕ್ಕೆ ಬಂದಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಗೆಳೆಯರು ಚೀನಾ ಹಾಗಂದಿತು, ನಾವು ಹೀಗಂದೆವು ಎಂದು ಬಿಸಿಯಾಗಿ ವಾದಿಸುತ್ತಿದ್ದರು. ಭೂತಾನ್ ಏನಂದಿತು ಎಂದು ನಾನು ಕೇಳಿದೆ. ಒಬ್ಬರೂ ಆ ಹೇಳಿಕೆಯನ್ನು ಓದಿರಲಿಲ್ಲ. ಫೋನಿನಲ್ಲಿ ಹುಡುಕಿ, ಅಲ್ಲೇ ಕನ್ನಡದಲ್ಲಿ ಅದರ ಅರ್ಥ ಹೇಳಿದೆ.