‘ಜ್ಯಾಗ್’ ಧಾರಾವಾಹಿ ಸೇನಾ ವಕೀಲರಿಗೆ ನ್ಯಾಯ ಒದಗಿಸಿತೇ?

ಪರ

ಕಥಾನಾಯಕನಾದ ನೌಕಾಪಡೆಯ ವಕೀಲ ಹಾರ್ಮನ್ ರ‍್ಯಾಬ್ ನ್ಯಾಯಾಲಯದೊಳಗೆ ಸಬ್‌ಮಷೀನ್ ಗನ್ ಎತ್ತಿ ಚಾವಣಿಗೆ ಗುಂಡು ಹಾರಿಸುವ ದೃಶ್ಯವೊಂದನ್ನೇ ಹಿಡಿದುಕೊಂಡು ‘ಜ್ಯಾಗ್’ ಅನ್ನು ಗೇಲಿ ಮಾಡುವುದು ಸುಲಭ. ಆದರೆ 1995ರಿಂದ 2005ರವರೆಗೆ ಅಮೆರಿಕದ ಟಿ.ವಿ.ಯಲ್ಲಿ ನಡೆದ ಈ ಧಾರಾವಾಹಿ (‘ಜ್ಯಾಗ್’ ಎಂದರೆ ಜಡ್ಜ್ ಅಡ್ವೊಕೇಟ್ ಜನರಲ್, ಸೇನೆಯ ಕಾನೂನು ವಿಭಾಗದ ಮುಖ್ಯಸ್ಥ), ನೌಕಾಪಡೆಯ ವಕೀಲರ ವೃತ್ತಿಯ ಮೂಲ ಇಕ್ಕಟ್ಟನ್ನು ಸರಿಯಾಗಿಯೇ ಗುರುತಿಸಿತ್ತು: ಮೇಲಧಿಕಾರಿಗೆ ಸೆಲ್ಯೂಟ್ ಹೊಡೆಯಬೇಕಾದವರೇ ಕಕ್ಷಿದಾರನ ಪರವಾಗಿ ಅಂಥದೇ ಮೇಲಧಿಕಾರಿಯನ್ನು ಪಾಟೀಸವಾಲಿಗೆ ಒಳಪಡಿಸಬೇಕಾಗುತ್ತದೆ. ಒಂದೇ ಕಚೇರಿಯ ರ‍್ಯಾಬ್ ಮತ್ತು ಸಾರಾ ಮೆಕೆಂಜಿ ಎದುರುಬದುರು ನಿಂತು ವಾದಿಸುವುದೂ ಈ ಇಕ್ಕಟ್ಟಿನದೇ ಇನ್ನೊಂದು ಮುಖ.

ಇದು ಬರೀ ಕಥೆಗಾರರ ಕಲ್ಪನೆಯಲ್ಲ. ಒಸಾಮ ಬಿನ್ ಲಾಡೆನ್‌ನ ಚಾಲಕನಾಗಿದ್ದ ಸಲೀಂ ಹಮ್ದಾನ್‌ನ ವಕಾಲತ್ತಿಗೆ ನೇಮಕಗೊಂಡ ನೌಕಾಪಡೆಯ ವಕೀಲ ಚಾರ್ಲ್ಸ್ ಸ್ವಿಫ್ಟ್, ತಪ್ಪೊಪ್ಪಿಗೆ ಕೊಡಿಸಿ ಕೈತೊಳೆದುಕೊಳ್ಳುವ ಬದಲು ಅಮೆರಿಕದ ರಕ್ಷಣಾ ಕಾರ್ಯದರ್ಶಿಯ ವಿರುದ್ಧವೇ ಮೊಕದ್ದಮೆ ಹೂಡಿದರು. 2006ರಲ್ಲಿ ಸುಪ್ರೀಂ ಕೋರ್ಟ್ 5–3ರ ಬಹುಮತದಿಂದ, ಭಯೋತ್ಪಾದನೆಯ ಶಂಕಿತರನ್ನು ವಿಚಾರಿಸಲು ಗ್ವಾಂಟನಾಮೊ ಸೆರೆಶಿಬಿರದಲ್ಲಿ ರಚಿಸಿದ್ದ ಸೇನಾ ಆಯೋಗಗಳು ಕಾನೂನುಬದ್ಧವಲ್ಲವೆಂದು ತೀರ್ಪಿತ್ತಿತು. ‘ಜ್ಯಾಗ್’ ನೋಡಿದ್ದವರಿಗೆ ಇಂಥ ವಕೀಲ ಅಪರಿಚಿತರೆನಿಸಿರಲಾರರು.

ವಿರೋಧ

ಚಾವಣಿಗೆ ಹಾರಿದ ಗುಂಡನ್ನು ನಾನೂ ಮನ್ನಿಸುತ್ತೇನೆ. ನಾಟಕಕ್ಕೆ ಅಷ್ಟು ಸಲುಗೆ ಇರಲಿ. ನನ್ನ ತಕರಾರು ಬೇರೆ. ಎಷ್ಟೋ ಸೇನಾ ವಕೀಲರ ದಿನ ಕಳೆಯುವುದು ಕಾಗದಪತ್ರಗಳ ನಡುವೆ: ತಿಂಗಳುಗಟ್ಟಲೆ ಹಡಗಿನಲ್ಲಿರಬೇಕಾದ ನಾವಿಕನೊಬ್ಬ ಹೊರಡುವ ಮುನ್ನ ಉಯಿಲು ಬರೆಸಲು, ತಾನಿಲ್ಲದಾಗ ಕಾರು ಮಾರುವ, ಬಾಡಿಗೆ ಕರಾರಿಗೆ ಸಹಿ ಹಾಕುವ ಅಧಿಕಾರವನ್ನು ಹೆಂಡತಿಗೆ ಬರೆದುಕೊಡಲು ಅವರೆದುರು ಬಂದು ಕೂರುತ್ತಾನೆ. ರ‍್ಯಾಬ್ ಆದರೋ ತಾನೇ ತನಿಖೆ ಮಾಡಿ, ತಾನೇ ಎಫ್-14 ಯುದ್ಧವಿಮಾನ ಹಾರಿಸಿ, ತಾನೇ ವಾದವನ್ನೂ ಮಂಡಿಸುತ್ತಾನೆ. ಅಪರಾಧ ತನಿಖೆಗೆಂದೇ ನೌಕಾಪಡೆಗೆ ಎನ್‌ಸಿಐಎಸ್ ಎಂಬ ಪ್ರತ್ಯೇಕ ಸಂಸ್ಥೆಯಿದೆ. 2003ರಲ್ಲಿ ‘ಜ್ಯಾಗ್’ನಿಂದಲೇ ಕವಲೊಡೆದ ಧಾರಾವಾಹಿಗೆ ಅದೇ ಹೆಸರಿಟ್ಟದ್ದು ತಮಾಷೆಯೇ ಸರಿ.

ಇದಕ್ಕಿಂತ ದೊಡ್ಡ ಲೋಪವೊಂದಿದೆ. ಆರೋಪಿಯನ್ನು ಕೋರ್ಟ್ ಮಾರ್ಷಲ್‌ಗೆ ಗುರಿಪಡಿಸಬೇಕೇ ಬೇಡವೇ ಎಂಬುದನ್ನು ಆ ಕಾಲದಲ್ಲಿ ತೀರ್ಮಾನಿಸುತ್ತಿದ್ದವರು ಪಡೆಯನ್ನು ಮುನ್ನಡೆಸುವ ಕಮಾಂಡರುಗಳೇ ಹೊರತು ವಕೀಲರಲ್ಲ. ಕೊಲೆ, ಅತ್ಯಾಚಾರದಂಥ ಪ್ರಕರಣಗಳಲ್ಲಿ ಆ ಅಧಿಕಾರ ವಿಶೇಷ ಪ್ರಾಸಿಕ್ಯೂಟರ್‌ಗಳ ಕೈಗೆ ಬಂದದ್ದು 2023ರ ಡಿಸೆಂಬರ್‌ನಲ್ಲಿ. ರೋಮಾಂಚನವನ್ನೆಲ್ಲ ವಾದದ ಕೊಠಡಿಯಲ್ಲೇ ಸುರಿಯುವ ಧಾರಾವಾಹಿಯಲ್ಲಿ, ಆ ಕೊಠಡಿಯ ಬಾಗಿಲು ತೆರೆಯುವ ಮುಂಚೆಯೇ ಬಿದ್ದ ಕಮಾಂಡರನ ಸಹಿಯ ತೂಕ ವೀಕ್ಷಕರ ಅರಿವಿಗೆ ಬರುವುದಿಲ್ಲ. (ಭಾರತೀಯ ಸೇನೆಯನ್ನೂ ಇದೇ ಕನ್ನಡಕದಿಂದ ನೋಡಿದವರು ಇನ್ನಷ್ಟು ಎಡವುತ್ತಾರೆ: ನಮ್ಮ ಜನರಲ್ ಕೋರ್ಟ್ ಮಾರ್ಷಲ್‌ನಲ್ಲಿ ತೀರ್ಪು ಕೊಡುವವರು ಕನಿಷ್ಠ ಐವರು ಸೇನಾಧಿಕಾರಿಗಳು, ಜಡ್ಜ್ ಅಡ್ವೊಕೇಟ್ ಕಾನೂನಿನ ಸಲಹೆ ನೀಡುತ್ತಾರೆ, ಅವರಿಗೆ ಮತವಿಲ್ಲ.)

ಸ್ವಿಫ್ಟ್ ಅವರ ಉದಾಹರಣೆಯೂ ಧಾರಾವಾಹಿಯ ನೆರವಿಗೆ ಬರುವುದಿಲ್ಲ. ಕೊನೆಯ ಕಂತಿನಲ್ಲಿ ರ‍್ಯಾಬ್‌ಗೆ ಕ್ಯಾಪ್ಟನ್ ಹುದ್ದೆಯ ಬಡ್ತಿ ದೊರೆಯುತ್ತದೆ, ಜೊತೆಗೆ ಲಂಡನ್‌ಗೆ ವರ್ಗ. ಸುಪ್ರೀಂ ಕೋರ್ಟಿನಲ್ಲಿ ಗೆದ್ದ ಸ್ವಿಫ್ಟ್ ಅವರಿಗೆ ಕಮಾಂಡರ್ ಹುದ್ದೆಯ ಬಡ್ತಿ ತಪ್ಪಿತು. ಆ ಗೆಲುವಿಗೂ ಬಡ್ತಿ ತಪ್ಪಿದ್ದಕ್ಕೂ ಸಂಬಂಧ ಕಟ್ಟಲು ನಾನು ಹೋಗುವುದಿಲ್ಲ. ಬಡ್ತಿ ಸಿಗದವರು ಸೇವೆ ಬಿಡಬೇಕೆಂಬ ನಿಯಮದಂತೆ ಅವರು ನೌಕಾಪಡೆಯಿಂದ ಹೊರಬಂದರು.