ರೈಲು ಬಿಡೋರು ನಾವು, ಉಪಗ್ರಹ ಬಿಟ್ಟೋರು ಅವರು

ನಮ್ಮಲ್ಲಿ ಯಾರಾದರೂ ಕೈಗೆ ಸಿಗದಷ್ಟು ದೊಡ್ಡ ಸುಳ್ಳು ಹೇಳಿದರೆ ‘ರೈಲು ಬಿಡಬೇಡ’ ಅಂತೀವಿ. ಕಮ್ಯುನಿಸ್ಟ್ ನಾಯಕ ಮಾವೋ ಆಳುತ್ತಿದ್ದ 1958ರ ಚೀನಾಕ್ಕೆ ರೈಲು ಸಾಲಲಿಲ್ಲ. ಹಿಂದಿನ ವರ್ಷವಷ್ಟೇ ಸೋವಿಯತ್ ರಷ್ಯಾ ಸ್ಪುಟ್ನಿಕ್ ಹಾರಿಸಿತ್ತಲ್ಲ, ಅದಕ್ಕೇ ಅಲ್ಲಿ ದಾಖಲೆ ಇಳುವರಿ ಘೋಷಿಸುವುದಕ್ಕೆ ‘ಉಪಗ್ರಹ ಹಾರಿಸೋದು’ ಅಂತ ಹೆಸರಾಯಿತು. ತಮಾಷೆಗಲ್ಲ, ಹೆಮ್ಮೆಯಿಂದ. ಒಂದು ಕಮ್ಯೂನ್ (ಹಲವು ಊರು ಸೇರಿಸಿ ಮಾಡಿದ ಸಾಮೂಹಿಕ ಬೇಸಾಯದ ಘಟಕ) ಗೋಧಿಯ ಉಪಗ್ರಹ ಹಾರಿಸಿದರೆ ಪಕ್ಕದ್ದು ಭತ್ತದ್ದು ಹಾರಿಸಲೇಬೇಕು. ಸುಮ್ನೆ ಕೂತರೆ ಅಲ್ಲಿನ ಪಕ್ಷದ ಕಾರ್ಯದರ್ಶಿಗೆ ‘ಬಲಪಂಥೀಯ’, ಅಂದರೆ ಕ್ರಾಂತಿಯ ವಿರೋಧಿ, ಅನ್ನೋ ಹಣೆಪಟ್ಟಿ.

ಆ ಸೆಪ್ಟೆಂಬರಿನಲ್ಲಿ ದಕ್ಷಿಣದ ಗುವಾಂಗ್‌ಶಿಯ ಹುವಾನ್‌ಜಿಯಾಂಗ್ ಎಂಬಲ್ಲಿಂದ ಒಂದು ಉಪಗ್ರಹ ಹಾರಿತು. ಒಂದು ಮು ಗದ್ದೆಗೆ 1,30,434 ಜಿನ್ ಭತ್ತ! ಜಿನ್ ಅಂದರೆ ಅರ್ಧ ಕೆಜಿ. ಆರು ಮು ಸೇರಿದರೆ ಹೆಚ್ಚೂ ಕಮ್ಮಿ ಒಂದು ಎಕರೆ. ಗುಣಿಸಿದರೆ ಎಕರೆಗೆ 4,000 ಕ್ವಿಂಟಾಲ್‌ಗೆ ಹತ್ತಿರ. ಕೊನೆಯ ಆ 34 ಜಿನ್ ಗಮನಿಸಿದಿರಾ? ಚಿಲ್ಲರೆ ಸೇರಿಸಿದರೆ ಸುಳ್ಳಿಗೂ ತೂಕ ಮಾಡಿದ ಕಳೆ ಬರುತ್ತೆ.

ಮಂಡ್ಯ ಕಡೆಯ ನಮ್ಮ ದೊಡ್ಡಪ್ಪನಿಗೆ ಎಕರೆಗೆ 25 ಕ್ವಿಂಟಾಲ್ ಬಂದರೆ ಆ ವರ್ಷ ನಾಲ್ಕು ಜನರ ಹತ್ತಿರ ಹೇಳಿಕೊಳ್ತಾರೆ. ಅವರಿಗೆ ಈ ಲೆಕ್ಕ ಹೇಳಿದೆ. ನಗಲಿಲ್ಲ, ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು: “ಅಷ್ಟು ಭತ್ತವ ಎಲ್ಲಿ ಒಣಗಾಕಿದ್ರಂತ್ಲಾ?” ನಿಜ. ಬರೀ ಕಾಳನ್ನೇ ಆ ಗದ್ದೆ ತುಂಬ ಹರಡಿದರೂ ಅರ್ಧ ಅಡಿ ಎತ್ತರ ನಿಲ್ಲುತ್ತೆ. ದೊಡ್ಡಪ್ಪನಿಗೆ ಹೊಳೆದದ್ದು ಒಂದು ಇಡೀ ಸರ್ಕಾರಕ್ಕೆ ಹೊಳೆಯಲಿಲ್ಲ. ಹೊಳೆದವರು ಬಾಯಿ ಬಿಡಲಿಲ್ಲ.

ಮಾಡಿದ್ದಿಷ್ಟೇ. ಸುತ್ತಮುತ್ತಲ ನೂರಕ್ಕೂ ಹೆಚ್ಚು ಮು ಗದ್ದೆಗಳಲ್ಲಿ ಮಾಗುತ್ತಿದ್ದ ಪೈರನ್ನು ಬೇರುಸಮೇತ ಕಿತ್ತು ತಂದು ಒಂದೇ ಗದ್ದೆಯಲ್ಲಿ ಒತ್ತೊತ್ತಾಗಿ ನಿಲ್ಲಿಸಿದರು. ಹೀಗೆ ಒತ್ತಿದ ಪೈರು ಬೆವರಿ ಕೊಳೆಯಬಾರದು ಅಂತ ಗಾಳಿ ಬೀಸುವ ಏರ್ಪಾಡೂ ಇರುತ್ತಿತ್ತು. ಭತ್ತಕ್ಕೆ ಫ್ಯಾನು! ನಾಟಿ ಮಾಡಿದ್ದು ಕಟಾವಿಗೆ ಸ್ವಲ್ಪ ಮುಂಚೆ ಅನ್ನೋದೊಂದು ಬಿಟ್ಟರೆ ಬೇಸಾಯ ಅಚ್ಚುಕಟ್ಟು.

ಓದಿದವರೂ ಹಿಂದೆ ಬೀಳಲಿಲ್ಲ. ರಾಕೆಟ್ ವಿಜ್ಞಾನಿ ಚಿಯೆನ್ ಶುಯೆಸೆನ್ ಅದೇ ಜೂನಿನಲ್ಲಿ ಪತ್ರಿಕೆಗೆ ಬರೆದರು: ಗಿಡ ಬಿಸಿಲಿನ ಶಕ್ತಿಯನ್ನು ಇನ್ನಷ್ಟು ಹಿಡಿದರೆ ಇಳುವರಿ ಇಪ್ಪತ್ತು ಪಟ್ಟು ಏರಬಹುದು. ಆಗಸ್ಟಿನಲ್ಲಿ ಶುಶುಯಿ ಎಂಬ ಕೌಂಟಿಗೆ ಹೋದ ಮಾವೋ ಅವರಿಗೆ ಬೇರೆಯೇ ಚಿಂತೆ. ಇಷ್ಟೊಂದು ಧಾನ್ಯ ತಿಂದು ಮುಗಿಸೋದು ಹೇಗೆ ಅಂತ ಕೇಳಿದರು. ದಿನಕ್ಕೆ ಐದು ಸಲ ಉಂಡರೂ ಸರಿ ಅಂತ ದಾರಿಯನ್ನೂ ಅವರೇ ತೋರಿಸಿದರು.

ಇನ್ನು ಉಕ್ಕು. ಹದಿನೈದು ವರ್ಷದಲ್ಲಿ ಬ್ರಿಟನ್ನನ್ನು ಹಿಂದೆ ಹಾಕಬೇಕಿತ್ತು. 1957ರಲ್ಲಿ 53.5 ಲಕ್ಷ ಟನ್ ಆಗಿದ್ದದ್ದು ಒಂದೇ ವರ್ಷದಲ್ಲಿ 107 ಲಕ್ಷ ಆಗಬೇಕು ಅಂತ ಆಜ್ಞೆ. ಕಾರ್ಖಾನೆ ಸಾಲದು, ಸರಿ, ಹಿತ್ತಿಲಲ್ಲೇ ಕುಲುಮೆ. ಶಾಲೆಯ ಅಂಗಳದಲ್ಲೂ ಕುಲುಮೆ. ಸುಮಾರು 9 ಕೋಟಿ ಜನ ಬೆಂಕಿ ಊದಲು ಕೂತರು. ಅದಿರು ಎಲ್ಲಿಂದ ಬರಬೇಕು? ಅಡುಗೆಮನೆಯಿಂದ. ಬಾಣಲೆ ಬಂತು, ಸೌಟು ಬಂತು, ಬಾಗಿಲ ಚಿಲಕ ಬಂತು. ಚೆನ್ನಾಗಿದ್ದ ಬಾಣಲೆಯನ್ನು ಕರಗಿಸಿ, ಬಾಣಲೆ ಮಾಡಲೂ ಬಾರದ ಕಬ್ಬಿಣ ತೆಗೆದರು. ವರ್ಷದ ಕೊನೆಗೆ ಗುರಿ ದಾಟಿತು, ಜೈಕಾರವೂ ಆಯಿತು. ಅದರಲ್ಲಿ 30 ಲಕ್ಷ ಟನ್‌ಗೂ ಜಾಸ್ತಿ ಕೆಲಸಕ್ಕೆ ಬಾರದ ಗಟ್ಟಿ.

ಬಾಣಲೆ ಕೊಟ್ಟುಬಿಟ್ಟರೆ ಅಡುಗೆ? ಯಾಕೆ ಬೇಕು, ಕಮ್ಯೂನಿನ ಸಾರ್ವಜನಿಕ ಊಟದ ಮನೆ ಇದೆಯಲ್ಲ! ಮೊದಮೊದಲು ಹೊಟ್ಟೆ ಬಿರಿಯುವಷ್ಟು ಊಟ, ದಿನಾ ಮದುವೆಮನೆ. ಗಂಡಾಳುಗಳು ಕುಲುಮೆ ಮುಂದಿದ್ದಾಗ ಹೊಲದ ಬೆಳೆ ಅಲ್ಲೇ ಉದುರಿ ಕೊಳೆಯಿತು. ಗುಬ್ಬಿಗಳಾದರೂ ಆರಿಸಿ ತಿನ್ನುತ್ತಿದ್ದವೇನೋ. ಆದರೆ ಅವು ಧಾನ್ಯ ಕದಿಯುವ ಶತ್ರುಗಳು ಅಂತ ಆ ವರ್ಷವೇ ತಟ್ಟೆ, ತಮಟೆ ಬಡಿದು, ಕೂರಲು ಬಿಡದೆ ಹಾರಿಸಿ ಹಾರಿಸಿ ಕೊಂದಿದ್ದರು. ಹುಳುಗಳಿಗೆ ಹಬ್ಬ. 1960ರಲ್ಲಿ ಶತ್ರುಗಳ ಪಟ್ಟಿಯಿಂದ ಗುಬ್ಬಿಯನ್ನು ತೆಗೆದು ತಿಗಣೆಯನ್ನು ಸೇರಿಸಿದರು.

1958ರ ಧಾನ್ಯ ಮೊದಲು 37.5 ಕೋಟಿ ಟನ್ ಅಂದರು. ಮರುವರ್ಷ, ಇಲ್ಲ, 25 ಕೋಟಿ ಅಂದರು. ಆಮೇಲೆ ನೋಡಿದರೆ ಸುಮಾರು 20 ಕೋಟಿ. ಒಂದೇ ಬೆಳೆಗೆ ಮೂರು ಕಟಾವು. ಕಾಗದದ ಭತ್ತ ಕಾಗದದಲ್ಲೇ ಇದ್ದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಸರ್ಕಾರದ ಪಾಲು ವಸೂಲಾಗುತ್ತಿದ್ದದ್ದು ಆ ಕಾಗದ ನೋಡಿಕೊಂಡು. ಹೇಳಿದಷ್ಟು ಬೆಳೆದಿದ್ದೀರಿ, ಹಾಗಾದರೆ ಉಳಿದದ್ದೆಲ್ಲಿ? ಬಚ್ಚಿಟ್ಟಿದ್ದೀರಿ! ಮನೆ ಜಾಲಾಡಿದರು, ನೆಲ ಅಗೆದರು, ಹೊಡೆದರು. ಬಿತ್ತನೆ ಬೀಜವೂ ಹೋಯಿತು. ಹೆನಾನ್ ಪ್ರಾಂತ್ಯದ ಶಿನ್‌ಯಾಂಗ್ ಒಂದರಲ್ಲೇ ಹತ್ತು ಲಕ್ಷದಷ್ಟು ಜನ ಸತ್ತರು. 1959ರಲ್ಲಿ ಚೀನಾ 40 ಲಕ್ಷ ಟನ್‌ಗೂ ಹೆಚ್ಚು ಧಾನ್ಯವನ್ನು ಹೊರದೇಶಕ್ಕೆ ಕಳಿಸಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋದು ಒಂದು ಮನೆಯ ಕಥೆ ಅಂದುಕೊಂಡಿದ್ದೆ.

ಆ ಬೇಸಿಗೆಯಲ್ಲಿ ಲುಶಾನ್ ಬೆಟ್ಟದ ಸಭೆ ನಡೆಯಿತು. ರಕ್ಷಣಾ ಮಂತ್ರಿ ಪೆಂಗ್ ದೆಹುವಾಯ್ ಪರಿಸ್ಥಿತಿ ಚೆನ್ನಾಗಿಲ್ಲ ಅಂತ ಮಾವೋಗೆ ಒಂದು ಪತ್ರ ಬರೆದರು, ಖಾಸಗಿಯಾಗಿ. ಮಾವೋ ಅದನ್ನು ಅಚ್ಚು ಹಾಕಿಸಿ ಎಲ್ಲರಿಗೂ ಹಂಚಿದರು. ಪೆಂಗ್ ಮಂತ್ರಿಗಿರಿ ಹೋಯಿತು. ವಸೂಲಿ ಇನ್ನೂ ಬಿಗಿಯಾಯಿತು. ಮೂರ್ನಾಲ್ಕು ವರ್ಷದಲ್ಲಿ ಸತ್ತವರು ಒಂದೂವರೆ ಕೋಟಿ ಅನ್ನುವವರಿದ್ದಾರೆ, ನಾಲ್ಕೂವರೆ ಕೋಟಿ ಅನ್ನುವವರೂ ಇದ್ದಾರೆ. ಭತ್ತವನ್ನು ಕೊನೆಯ 34 ಜಿನ್‌ವರೆಗೆ ಎಣಿಸಿದ್ದ ದೇಶ ಅದು.

ಊಟದ ಮನೆಯಲ್ಲಿ ಆ ಹೊತ್ತಿಗೆ ಮುಖ ಕಾಣುವಷ್ಟು ತೆಳ್ಳಗಿನ ಗಂಜಿ. ಯಾರದಾದರೂ ಮನೆಯ ಸೂರಿನಿಂದ ಹೊಗೆ ಎದ್ದರೆ ಕಾರ್ಯಕರ್ತರು ಓಡಿ ಬರುತ್ತಿದ್ದರು, ಕದ್ದು ಬೇಯಿಸುತ್ತಿದ್ದಾರೆ ಅಂತ. ಮರದ ತೊಗಟೆ, ಕಾಡು ಸೊಪ್ಪು ಏನಾದರೂ ಬೇಯಿಸಿಕೊಳ್ಳೋಣ ಅಂದರೆ ಮನೆಯಲ್ಲಿ ಬಾಣಲೆ ಇರಲಿಲ್ಲ. ಅದು ಬ್ರಿಟನ್ನನ್ನು ಹಿಂದೆ ಹಾಕಲು ಹೋಗಿ ಹಿತ್ತಿಲಲ್ಲಿ ಗಟ್ಟಿಯಾಗಿ ಬಿದ್ದಿತ್ತು.